ಮುಳ್ಳುಮೊಗ್ಗು ಬಿಡಿಸುತ್ತಿದ್ದ ಕೈ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಲವತ್ತು ವರ್ಷ ಒಂದು ಸಂಗತಿಯನ್ನು ಮುಚ್ಚಿಟ್ಟುಕೊಂಡು ಬಾಳಿದವರು. ಅದನ್ನೇ ನಾನೀಗ ಬರೆಯಲು ಕೂತಿರುವಾಗ ಹೆಸರನ್ನಾದರೂ ಅವರಿಗೆ ಬಿಟ್ಟುಕೊಡಬೇಕು. ನಮ್ಮ ಮಗಳು ಅನು ಅವರನ್ನು ಯಾಯಾ ಎನ್ನುತ್ತಿದ್ದಳು. ಗ್ರೀಕರು ಅಜ್ಜಿಯನ್ನು ಹಾಗೆ ಕರೆಯುತ್ತಾರಂತೆ. ಬರುಬರುತ್ತಾ ನಾನೂ ಹಾಗೇ ಕರೆಯತೊಡಗಿದೆ.

ಅಮೆರಿಕದ ಫೇರ್‌ಫ್ಯಾಕ್ಸ್‌ನ ಬಾಡಿಗೆ ಮನೆಗೆ ನಾವು ಬಂದದ್ದು ತೊಂಬತ್ತೆರಡರ ವಸಂತದಲ್ಲಿ. ನಮ್ಮನೆಯವರಿಗೆ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ. ಅನು ಆಗ ಐದು ವರ್ಷದವಳು. ಬಂದು ಎರಡೋ ಮೂರೋ ದಿನವಾಗಿತ್ತು. ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ನೋಡಿದರೆ, ಪಕ್ಕದ ಮನೆಯ ಹಿತ್ತಲಲ್ಲಿ ಕಪ್ಪು ಲಂಗದ ಮುದುಕಿಯೊಬ್ಬರು ಮುಳ್ಳಿನ ಗಿಡಗಳ ನಡುವೆ ಮೊಣಕಾಲೂರಿ ಬಿದ್ದಿದ್ದಾರೆ. ಸೋಪಿನ ಕೈಯಲ್ಲೇ ಓಡಿ ಹೋಗಿ ತಂತಿಬೇಲಿಯ ಈಚೆಯಿಂದ ಕೂಗಿದೆ: "ಬಿದ್ರಾ? ಆಂಬುಲೆನ್ಸ್ ಕರೀಲಾ?"

ಅವರು ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಿದ್ದಿಲ್ಲ. ಕಳೆ ಕೀಳ್ತಾ ಇದೀನಿ," ಎಂದು ಮತ್ತೆ ಆ ಮುಳ್ಳಿನೊಳಗೆ ಮೊಣಕೈತನಕ ಕೈ ಹಾಕಿದರು. ಗ್ಲವ್ಸ್ ಇಲ್ಲ, ಬಟ್ಟೆ ಸುತ್ತಿಲ್ಲ, ಬರಿಗೈ.

ನಾನು ಬಿಜಾಪುರ ಕಡೆಯವಳು. ಕುಸುಬೆ ಹೊಲ ನೋಡಿ ಬೆಳೆದವಳು. ಆ ಬೂದುಹಸಿರು ಎಲೆ, ಅಂಚಿನ ಮುಳ್ಳು, ತುದಿಯಲ್ಲಿ ಬಿಗಿದುಕೊಂಡ ಮೊಗ್ಗು ಕಂಡ ಕೂಡಲೇ ಅದು ಕುಸುಬೆಯ ಬಳಗದ್ದೇ ಎನ್ನಿಸಿತು. ನಮ್ಮಲ್ಲಿ ಕುಸುಬೆ ಕೊಯ್ಯುವವರು ಕೈಗೂ ಕಾಲಿಗೂ ಗೋಣಿತಟ್ಟು ಕಟ್ಟಿಕೊಳ್ಳದೆ ಹೊಲಕ್ಕೆ ಇಳಿಯುವುದಿಲ್ಲ. ಈಕೆ ಮಲ್ಲಿಗೆ ಬಳ್ಳಿಯಲ್ಲಿ ಕೈಯಾಡಿಸಿದಂತೆ ಆಡಿಸುತ್ತಿದ್ದರು. ನಾನು ಬೇಲಿ ಹಿಡಿದು ಬಾಯಿ ಬಿಟ್ಟುಕೊಂಡು ನಿಂತೇ ಇದ್ದೆ.

ಅದು ಕಾಡು ಆರ್ಟಿಚೋಕ್, ಮೊಗ್ಗನ್ನು ಬೇಯಿಸಿ ತಿನ್ನುವ ಗಿಡ. ಯಾಯಾರ ಊರಾದ ಗ್ರೀಸಿನ ಕ್ರೀಟ್ ದ್ವೀಪದ ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದಂತೆ. ಅಲ್ಲಿಂದ ಹೊರಡುವಾಗ ಕೋಟಿನ ಅಂಚಿನೊಳಗೆ ಬೀಜ ಹೊಲಿದುಕೊಂಡು ಬಂದಿದ್ದರು. ವರ್ಜೀನಿಯಾದ ಚಳಿಗೆ ಅವು ಸಾಯಬಾರದೆಂದು ಪ್ರತಿ ನವೆಂಬರಿನಲ್ಲಿ ಬುಡಕ್ಕೆ ಹುಲ್ಲು ಹೊದಿಸಿ, ಮೇಲೆ ತೀರಿಹೋದ ಗಂಡನ ಹಳೆಯ ಕೋಟುಗಳನ್ನು ಹಾಸುತ್ತಿದ್ದರು. ಬೀದಿಯಲ್ಲಿ ಹೋಗುವವರಿಗೆ ಹಿತ್ತಲಲ್ಲಿ ನಾಲ್ಕಾರು ಗಂಡಸರು ಮಲಗಿದಂತೆ ಕಾಣುತ್ತಿತ್ತು. ಒಮ್ಮೆ ಅಂಚೆಯವಳು ಹೆದರಿ ನಮ್ಮ ಮನೆ ಬಾಗಿಲು ಬಡಿದಿದ್ದಳು.

ಆ ವರ್ಷ ಜೂನಿನಲ್ಲಿ ಮೊಗ್ಗು ಬಂದಾಗ ನನ್ನನ್ನು ಅಡುಗೆಮನೆಗೆ ಕರೆದರು. ಅಂಗಡಿಯ ಆರ್ಟಿಚೋಕ್ ಮುಷ್ಟಿಗಿಂತ ದೊಡ್ಡದು, ಸಾಧು. ಇವು ನಿಂಬೆಹಣ್ಣಿನ ಗಾತ್ರದವು, ಒಂದೊಂದು ಪದರದ ತುದಿಗೂ ಸೂಜಿಯಂಥ ಮುಳ್ಳು. ನಾನು ಒಂದನ್ನು ಹಿಡಿದ ಕೂಡಲೇ ಕಿರುಚಿ ಬಿಟ್ಟೆ. ಅವರು ನಕ್ಕು, ಕುರ್ಚಿ ತೋರಿಸಿ, "ಅಲ್ಲಿ ಕೂತ್ಕೋ. ಈ ವರ್ಷ ಬರೀ ನೋಡು," ಎಂದರು.

ಮೊದಲು ದೇಟು ಕತ್ತರಿಸಿ, ಅದರ ನಾರು ಸುಲಿದು ಪಕ್ಕಕ್ಕಿಟ್ಟರು. ದೇಟನ್ನು ಎಸೆಯುವವರ ಮೇಲೆ ಅವರಿಗೆ ಬಹಳ ಕೋಪ. ಆಮೇಲೆ ಹೊರಗಿನ ಗಡುಸು ಪದರಗಳನ್ನು ಒಂದೊಂದಾಗಿ ಹಿಂದಕ್ಕೆ ಬಾಗಿಸಿ ಪಟಪಟನೆ ಮುರಿದರು, ಒಳಗಿನ ತಿಳಿಹಳದಿ ಕಾಣುವ ತನಕ. ತಲೆಯ ಭಾಗವನ್ನು ಚಾಕುವಿನಿಂದ ಹಾರಿಸಿ, ಎರಡು ಹೋಳು ಮಾಡಿ, ನಡುವಿನ ನವಿರು ಕೂದಲನ್ನು ಚಮಚದಿಂದ ಕೆರೆದು ತೆಗೆದರು. ಅದು ಗಂಟಲಿಗೆ ಸಿಕ್ಕಿದರೆ ಉಸಿರು ಕಟ್ಟುತ್ತದಂತೆ. ಕೂಡಲೇ ನಿಂಬೆಹೋಳಿನಿಂದ ಉಜ್ಜಿ, ನಿಂಬೆರಸ ಹಿಂಡಿದ ನೀರಿಗೆ ಹಾಕುವುದು. ತಡಮಾಡಿದರೆ ಹೆಚ್ಚಿಟ್ಟ ಬದನೆಕಾಯಿಯ ಹಾಗೆ ಕಪ್ಪಾಗುತ್ತದೆ.

ಮಾತಾಡುತ್ತಾ ಕೂತಿದ್ದ ನನ್ನ ಕಣ್ಣು ಬೋಗುಣಿಯ ಮೇಲೆ ಬಿತ್ತು. ನೀರು ತಿಳಿಗೆಂಪಾಗಿತ್ತು.

"ಯಾಯಾ, ರಕ್ತ!"

ಅವರು ಮೊದಲು ನೀರನ್ನು ನೋಡಿದರು. ಆಮೇಲೆ ಎರಡೂ ಕೈಗಳನ್ನು ಮಗುಚಿ ಮಗುಚಿ, ಕಳೆದುಹೋದ ವಸ್ತು ಹುಡುಕುವವರಂತೆ ಹುಡುಕಿದರು. ಎಡಗೈಯ ನಡುಬೆರಳಲ್ಲಿ ಮುಳ್ಳೊಂದು ಅರ್ಧ ಒಳಗೆ ಹೋಗಿ ನಿಂತಿತ್ತು. "ಓ, ಇದಾ," ಎಂದು ಹಲ್ಲಿನಿಂದ ಕಿತ್ತು ಉಗಿದು, ನೀರು ಬದಲಿಸಿದರು. ಗಟ್ಟಿ ಹೆಂಗಸು ಅಂದರೆ ಇವರು ಎಂದುಕೊಂಡೆ. ನಾಲ್ಕು ವರ್ಷ ಹಾಗೆಯೇ ಎಂದುಕೊಂಡಿದ್ದೆ.

ಒಲೆಯ ಮೇಲೆ ಆಲಿವ್ ಎಣ್ಣೆ ಧಾರಾಳವಾಗಿ ಸುರಿದು, ಈರುಳ್ಳಿ ತಾಳು ಬಾಡಿಸಿ, ನಮ್ಮ ಅವರೆಕಾಳಿನ ದೊಡ್ಡಣ್ಣನಂಥ ಹಸಿಕಾಳು ಹಾಕಿ, ಮೊಗ್ಗಿನ ಹೋಳು, ಸಬ್ಬಸಿಗೆ ಸೊಪ್ಪು, ಉಪ್ಪು. ಕೊನೆಗೆ ಮೊಟ್ಟೆಯನ್ನು ನಿಂಬೆರಸದ ಜೊತೆ ಕಡೆದು, ಬಿಸಿ ಸಾರನ್ನು ಸ್ವಲ್ಪಸ್ವಲ್ಪವೇ ಬೆರೆಸಿ ಮೇಲೆ ಸುರಿಯುವುದು. ಮೊಟ್ಟೆ ಎತ್ತಿಕೊಂಡಾಗ ನಾನು ಸಂಕೋಚದಿಂದ ತಡೆದೆ: ನಾವು ಮಾಂಸ, ಮೊಟ್ಟೆ ಮುಟ್ಟುವವರಲ್ಲ.

"ಯಾವತ್ತೂ?"

"ಯಾವತ್ತೂ ಇಲ್ಲ."

"ನಾವು ಈಸ್ಟರ್ ಮುಂಚೆ ಏಳು ವಾರ ಹಾಗಿರ್ತೀವಿ. ನೀನು ಹುಟ್ಟಿದಾಗಿಂದ ಉಪವಾಸ! ದೇವರು ನಿನ್ನ ಮೇಲೆ ಯಾಕೆ ಸಿಟ್ಟಾದ?" ಎಂದು, ನನಗೂ ಅನುವಿಗೂ ಬೇರೆ ಪಾತ್ರೆ ಇಟ್ಟು, ಮೊಟ್ಟೆಯ ಬದಲು ಹಿಟ್ಟು ಕದಡಿ ಹಾಕಿದರು. ಅಂದಿನಿಂದ ಆ ಸಣ್ಣ ಪಾತ್ರೆ ನಮ್ಮದೇ ಆಯಿತು. ಅದರಲ್ಲಿ ಅವರು ಮೊಟ್ಟೆ ಬೇಯಿಸಲೇ ಇಲ್ಲ. ಆ ಅಡುಗೆ ಮೊದಲು ಕಹಿ, ಆಮೇಲೆ ಹುಳಿ. ತಿಂದ ಮೇಲೆ ನೀರು ಕುಡಿದರೆ, ನೆಲ್ಲಿಕಾಯಿ ತಿಂದ ಬಾಯಿಗೆ ಆಗುವಂತೆ, ನೀರೇ ಸಿಹಿ. ಅನು ಆ ನೀರಿಗಾಗಿಯೇ ತಟ್ಟೆ ಬರಿದು ಮಾಡುತ್ತಿದ್ದಳು.

ಯಾಯಾ ಯಾರಿಗೂ ಕೈಕುಲುಕುತ್ತಿರಲಿಲ್ಲ. ಕಪ್ಪನ್ನು ಕೈಗೆ ಕೊಡುತ್ತಿರಲಿಲ್ಲ, ಮೇಜಿನ ಮೇಲಿಟ್ಟು ನಮ್ಮ ಕಡೆ ಸರಿಸುತ್ತಿದ್ದರು. ಭಾನುವಾರ ಚರ್ಚಿಗೆ ಹೊರಟರೆ ಬೇಸಿಗೆಯಲ್ಲೂ ಬಿಳಿ ಗ್ಲವ್ಸ್. ಮುಳ್ಳಿಗೆ ಬೇಡದ್ದು ದೇವರಿಗೆ ಬೇಕೇ ಎಂದು ನಾನು ತಮಾಷೆ ಮಾಡಿದ್ದೂ ಉಂಟು. ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಂಡಿದ್ದವು. ಯುದ್ಧಕಾಲದಲ್ಲಿ ಬೆಂಕಿಗೆ ಸಿಕ್ಕಿ ಹಾಗಾಯಿತು ಎನ್ನುತ್ತಿದ್ದರು. ನನಗೆ ಕೆಲಸ ಸಿಕ್ಕಿದ ಮೇಲೆ ಅನು ಸ್ಕೂಲ್ ಬಸ್ಸಿಳಿದು ನೇರ ಅವರ ಮನೆಗೇ ಹೋಗುತ್ತಿದ್ದಳು. ಅವಳಿಗೆ ಜಡೆ ಹಾಕುತ್ತಿದ್ದುದು, ತುತ್ತು ಕೊಡುತ್ತಿದ್ದುದು ಅದೇ ಕೈ.

ತೊಂಬತ್ತಾರರ ಮಾರ್ಚ್. ಅವರ ಉಪವಾಸದ ದಿನಗಳು. ನಿಮ್ಮ ಹಾಗೆ ನಾನೂ ಉಣ್ಣುವ ಕಾಲ ಬಂತು, ಮೂವರೂ ಬನ್ನಿ ಎಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದರು. ಹಿಂದಿನ ಬೇಸಿಗೆಯ ಮೊಗ್ಗುಗಳನ್ನು ಬಿಡಿಸಿ ಫ್ರೀಜರಿನಲ್ಲಿ ಇಟ್ಟಿದ್ದರು. ಎಂದೂ ಬಿಡುವಿಲ್ಲದ ನಮ್ಮನೆಯವರು ಅಂದು ಮೊದಲ ಸಲ ಆ ಮೇಜಿನ ಮುಂದೆ ಕೂತಿದ್ದರು. ಯಾಯಾ ಒಲೆಯ ಮೇಲಿನ ಕಬ್ಬಿಣದ ಪಾತ್ರೆಯ ಎರಡೂ ಕಿವಿಯನ್ನು ಬರಿಗೈಯಲ್ಲಿ ಹಿಡಿದು ಎತ್ತಿ, ಅನು ಹೇಳುತ್ತಿದ್ದ ಶಾಲೆಯ ಕಥೆಗೆ ನಗುತ್ತಾ ನಿಂತರು.

ಏನೋ ಸೀದ ವಾಸನೆ. ತಳ ಹತ್ತಿತೇನೋ ಎಂದು ನಾನು ಒಲೆ ನೋಡಿದೆ. ಒಲೆ ಆರಿತ್ತು. ನಮ್ಮನೆಯವರು ಕುರ್ಚಿ ಬೀಳಿಸಿ ಎದ್ದು, ಪಾತ್ರೆಯನ್ನು ಅವರ ಕೈಯಿಂದ ತಪ್ಪಿಸಿ ಒಲೆಯ ಮೇಲೆ ಕುಕ್ಕಿ, ಎರಡೂ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದರು. ಅಂಗೈಯ ಚರ್ಮ ಬಿಳುಚಿ ಎದ್ದಿತ್ತು. ಯಾಯಾ "ಆ" ಎನ್ನಲಿಲ್ಲ. ಕೈಯನ್ನು ನೋಡಲೂ ಇಲ್ಲ. ನಮ್ಮನೆಯವರ ಮುಖವನ್ನೇ ನೋಡುತ್ತಿದ್ದರು. ನಮ್ಮನೆಯವರು ಆ ಮಡಚಿದ ಬೆರಳುಗಳನ್ನು, ಹೆಬ್ಬೆರಳಿನ ಬುಡವನ್ನು ಒತ್ತಿ ನೋಡುತ್ತಿದ್ದರು.

"ಡಾಕ್ಟರ್, ನೀವು ಓದಿದ್ದು ಎಲ್ಲಿ?"

"ಇಂಡಿಯಾದಲ್ಲಿ."

"ಹಾಗಾದ್ರೆ ನಿಮಗೆ ಗೊತ್ತಾಯ್ತು," ಎಂದರು ಯಾಯಾ.

ನಮ್ಮನೆಯವರು ಬ್ಯಾಂಡೇಜ್ ಕಟ್ಟಿದರು. ಉಳಿದ ಅಡುಗೆಯನ್ನು ಯಾಯಾ ಆ ಬ್ಯಾಂಡೇಜಿನ ಕೈಯಲ್ಲೇ ಬಟ್ಟಲಿಗೆ ಹಾಕಿ ಕೊಟ್ಟರು, ನಾನು ತಂದು ಫ್ರಿಜ್ಜಿನಲ್ಲಿಟ್ಟೆ. ಆಮೇಲೆ ನಮ್ಮನೆಯವರ ಬೆನ್ನು ಹತ್ತಿದೆ: ಏನು ಗೊತ್ತಾಯಿತು?

"ಬ್ಯಾರೆಯವರ ಮಾತು ನಿನಗ್ಯಾಕ?"

"ನಾಕು ವರ್ಷ ಆತ್ರಿ, ನನ್ನ ಮಗಳು ಅಲ್ಲಿ ಬೆಳ್ಯಾಕತ್ತಾಳ. ನನಗ ಗೊತ್ತಾಗಬೇಕು."

ಅವರು ಹೇಳಿದರು: "ಅದು ಸುಟ್ಟ ಕೈ ಅಲ್ಲ. ಕುಷ್ಠ. ನರ ಸತ್ತಾವು, ಅದಕ್ಕ ಬಿಸಿ ಗೊತ್ತಾಗಲಿಲ್ಲ. ಮುಳ್ಳೂ ಗೊತ್ತಾಗೂದಿಲ್ಲ. ಹೌಸ್ ಸರ್ಜನ್ ಇದ್ದಾಗ ಇಂಥಾ ಕೈ ನೂರಾರು ನೋಡೇನಿ."

"ಅನು? ಅನುಗೆ?"

"ಹುಚ್ಚಿ ಇದ್ದಿಯೇನ? ಅವರ ರೋಗ ಎಂದೋ ವಾಸಿ ಆಗೈತಿ. ಇನ್ನೊಬ್ಬರಿಗೆ ಹತ್ತೂದು ಸಾಧ್ಯನ ಇಲ್ಲ. ಉಳದಿದ್ದು ಗಾಯದ ಗುರುತು, ಅಷ್ಟ."

ನನಗೆ ಕೇಳಿಸಿತು. ಅರ್ಥವೂ ಆಯಿತು. ಆದರೂ ನಾನು ಫ್ರಿಜ್ಜಿನ ಬಟ್ಟಲು ತೆಗೆದು, ಅಡುಗೆಯನ್ನು ಬಟ್ಟಲು ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಅದನ್ನು ಇನ್ನೊಂದು ಚೀಲಕ್ಕೆ ಹಾಕಿ ಹೊರಗಿನ ಕಸದ ಡಬ್ಬಿಗೆ ಎಸೆದೆ. ಅನುವನ್ನು ಸ್ನಾನಕ್ಕೆ ಕರೆದೊಯ್ದು ಬೆನ್ನು, ಕತ್ತು, ಕಿವಿಯ ಹಿಂದೆ ಎಲ್ಲಾದರೂ ಮಚ್ಚೆ ಇದೆಯೇ ಎಂದು ಹುಡುಕಿದೆ. ನಮ್ಮೂರಲ್ಲಿ ನಮ್ಮಜ್ಜಿ ಆ ರೋಗದವರಿಗೆ ರೊಟ್ಟಿ ಹಾಕುವಾಗ ಆಳೆತ್ತರದಿಂದ ಬಿಡುತ್ತಿದ್ದಳು, ಅವರ ಸೆರಗಿಗೂ ತನ್ನ ಕೈ ತಾಕದ ಹಾಗೆ. ಚಿಕ್ಕವಳಿದ್ದಾಗ ಅದನ್ನು ಕಂಡು ಅತ್ತವಳು ನಾನು. ಬಿ.ಎಸ್ಸಿ. ಓದಿದವಳು, ಡಾಕ್ಟರನ ಹೆಂಡತಿ. ಆವತ್ತು ಮಾಡಿದ್ದು ಅದನ್ನೇ.

"ಹಳ್ಳಿ ಹಳ್ಳಿ ತಿರುಗಿ ಮಂದಿಗೆ ತಿಳಿಸಿ ಹೇಳಿದೆ," ಎಂದರು ನಮ್ಮನೆಯವರು, ಬಾಗಿಲಲ್ಲಿ ನಿಂತು. "ನನ್ನ ಮನಿಯಾಗ ಹೇಳಬೇಕಾಗ್ತದಂತ ಅನಕೊಂಡಿರಲಿಲ್ಲ." ಆಮೇಲೆ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ನಾನು ಅನುವನ್ನು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಆಫ್ಟರ್‌ಕೇರಿಗೆ ಸೇರಿಸಿದೆ. ಯಾಯಾ ಫೋನ್ ಮಾಡಿದರೆ ನಾನು ಎತ್ತುತ್ತಿರಲಿಲ್ಲ, ಆನ್ಸರಿಂಗ್ ಮೆಶಿನ್ ಮಾತಾಡುತ್ತಿತ್ತು. ಬೇಲಿಯ ಕಡೆಯ ಕಿಟಕಿಗೆ ಪರದೆ ಎಳೆದೆ. ಹನ್ನೊಂದು ವಾರ ಹೀಗೇ ಕಳೆಯಿತು. ಪ್ರತಿ ವಾರವೂ ಮುಂದಿನ ವಾರ ಹೋಗುತ್ತೇನೆ ಎಂದುಕೊಳ್ಳುತ್ತಿದ್ದೆ. ತಡವಾದಷ್ಟೂ ಹೋಗಲು ಕಾಲು ಬರುತ್ತಿರಲಿಲ್ಲ.

"ಮಾಮ್, ಯಾಯಾ ಮನಿಗೆ ಯಾಕೆ ಹೋಗ್ಬಾರ್ದು?" ಎಂದು ಅನು ದಿನವೂ ಪೀಡಿಸುತ್ತಿದ್ದಳು. ಒಂದು ದಿನ ಬೇಸತ್ತು, "ಅವರಿಗೆ ಆರಾಮಿಲ್ಲ, ನಿನಗೂ ಹತ್ತೀತು," ಎಂದುಬಿಟ್ಟೆ.

ಮೂರು ದಿನ ಬಿಟ್ಟು ಅನು ಹಿತ್ತಲಿನಿಂದ ಒಳಬಂದಳು. "ಐ ಟೋಲ್ಡ್ ಯಾಯಾ," ಎಂದಳು. "ಬೇಗ ಗೆಟ್ ವೆಲ್ ಅಂದೆ. ನನಗೆ ಹತ್ತುತ್ತೆ ಅಂತ ಅಮ್ಮ ಹೇಳಿದ್ರು, ಅದಕ್ಕೆ ಬರಲ್ಲ ಅಂದೆ."

"ಅವರು ಏನಂದ್ರು?"

"ನಥಿಂಗ್. ಶಿ ವೆಂಟ್ ಇನ್‌ಸೈಡ್."

ನಾನು ಕೂತಲ್ಲೇ ಕೂತೆ.

ಮರುದಿನ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ತೆಗೆದರೆ ಯಾಯಾ. ಮೊಣಕೈವರೆಗೆ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲವ್ಸ್ ಹಾಕಿಕೊಂಡಿದ್ದರು. ಕಾಗದದ ಚೀಲವೊಂದನ್ನು ನನ್ನ ಕೈಗೆ ಕೊಡದೆ ಮೆಟ್ಟಿಲ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ಈ ವರ್ಷದ ಮೊದಲ ಮೊಗ್ಗು. ನಾನು ಮುಟ್ಟಿಲ್ಲ. ಕೊಯ್ದದ್ದೂ ಗ್ಲವ್ಸ್ ಹಾಕ್ಕೊಂಡೇ. ನೀನೇ ಬಿಡಿಸ್ಕೋ, ನಿನಗೆ ಬರುತ್ತೆ ಈಗ. ಅನುಗೆ ಇಷ್ಟ."

ಅವರು ತಿರುಗಿ ನಡೆದುಹೋದರು. ಮೊಣಕಾಲೂರಿ ಮುಳ್ಳಿನಲ್ಲಿ ಕೈಯಾಡಿಸುತ್ತಿದ್ದ ಆ ಹೆಂಗಸು ನಮ್ಮ ಅಂಗಳವನ್ನು ದಾಟುವಾಗ ಹುಲ್ಲು ತುಳಿಯದೆ ಕಾಂಕ್ರೀಟಿನ ಮೇಲೆ ಮಾತ್ರ ಹೆಜ್ಜೆಯಿಡುತ್ತಿದ್ದರು.

ಕೆಲಸಕ್ಕೆ ರಜೆ ಹೇಳಿ ಸಿಂಕಿನ ಮುಂದೆ ನಿಂತೆ. ಇಪ್ಪತ್ತೇಳು ಮೊಗ್ಗು. ಬರಿಗೈಯಲ್ಲಿ ಬಿಡಿಸಿದೆ, ಗ್ಲವ್ಸ್ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಹತ್ತು ಮುಗಿಯುವಷ್ಟರಲ್ಲಿ ಬೆರಳ ತುಂಬಾ ರಕ್ತ, ಉಗುರೆಲ್ಲ ಕಪ್ಪು, ನಿಂಬೆರಸ ತಾಗಿದ ಕಡೆಯೆಲ್ಲ ಉರಿ. ಎಣ್ಣೆ, ಈರುಳ್ಳಿ ತಾಳು, ಕಾಳು, ಸಬ್ಬಸಿಗೆ. ಕೊನೆಗೆ ಹಿಟ್ಟು. ಹನ್ನೆರಡು ಗಂಟೆಗೆ ಪಾತ್ರೆ ಎತ್ತಿಕೊಂಡು ಅವರ ಬಾಗಿಲಿಗೆ ಹೋದೆ.

ಕ್ಷಮಿಸಿ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅವರು ನನ್ನ ಕೈ ನೋಡಿ, "ಥೂ, ಏನು ಮಾಡ್ಕೊಂಡೆ! ನೋವಾಗಲ್ವಾ ನಿನಗೆ?" ಎಂದರು. ನಾನು ಬಾಗಿಲಲ್ಲೇ ಗೋಳೋ ಎಂದು ಅತ್ತೆ. ಅವರು ಒಳಗೆ ಕರೆದು, ಸೂಜಿ ತಂದರು, ಆಮೇಲೆ ಅದನ್ನು ಕೆಳಗಿಟ್ಟು, "ನನಗೆ ಆಗಲ್ಲ, ನಿನಗೆ ಎಲ್ಲಿ ಚುಚ್ಚುತ್ತೋ ನನ್ನ ಬೆರಳಿಗೆ ತಿಳಿಯಲ್ಲ. ನೀನೇ ತೆಕ್ಕೋ," ಎಂದರು. ನಾನು ಮುಳ್ಳು ತೆಗೆದುಕೊಳ್ಳುತ್ತಿದ್ದೆ, ಅವರು ಹೇಳುತ್ತಿದ್ದರು.

ಹದಿನಾಲ್ಕನೆಯ ವಯಸ್ಸಿಗೆ ತೋಳಿನ ಮೇಲೆ ಮಚ್ಚೆ ಕಂಡಿತ್ತು. ದೋಣಿ ಹತ್ತಿಸಿ ಅಂಥವರನ್ನೇ ಇಟ್ಟಿದ್ದ ಸಣ್ಣದೊಂದು ದ್ವೀಪಕ್ಕೆ ಕಳಿಸಿದರು. ಅಪ್ಪ ದಡದ ತನಕ ಬಂದ, ಮುಟ್ಟಲಿಲ್ಲ. ದ್ವೀಪದ ಬಂಡೆಗಳ ನಡುವೆ ಕಾಡು ಆರ್ಟಿಚೋಕ್ ಬೆಳೆಯುತ್ತಿತ್ತು.

"ಅಲ್ಲೊಬ್ಬಳು ನನ್ನನ್ನು ಮಗಳ ಹಾಗೆ ನೋಡ್ಕೊಂಡಳು. ಅವಳಿಗೆ ಬೆರಳೇ ಇರಲಿಲ್ಲ. ಅವಳು ಹೇಳ್ತಿದ್ದಳು, ನಾನು ಮಾಡ್ತಿದ್ದೆ. ಈ ಅಡುಗೆ ಕಲಿತದ್ದು ಹಾಗೆ."

ಹೊಸ ಔಷಧ ಬಂತು, ವಾಸಿಯಾಯಿತು, ಹನ್ನೊಂದು ವರ್ಷದ ಮೇಲೆ ಬಿಟ್ಟರು. ಊರಿಗೆ ಹೋದರೆ ತಾಯಿ ಬಾಗಿಲು ತೆಗೆಯದೆ ಕಿಟಕಿಯಿಂದ ಹೇಳಿದಳಂತೆ: ನಿನ್ನ ತಂಗಿಯ ಮದುವೆ ಗೊತ್ತಾಗಿದೆ, ಯಾರ ಕಣ್ಣಿಗೂ ಬೀಳುವ ಮುಂಚೆ ಹೋಗಿಬಿಡು.

"ಹೋಗಿಬಿಟ್ಟೆ. ಅಥೆನ್ಸಿಗೆ, ಆಮೇಲೆ ಇಲ್ಲಿಗೆ. ಕೇಳಿದವರಿಗೆಲ್ಲ ಬೆಂಕಿ ಅಂದೆ. ಗಂಡನಿಗೂ ಬೆಂಕಿ, ಮಗಳಿಗೂ ಬೆಂಕಿ. ಅವರಿಗೆ ಗೊತ್ತಾಗಿದ್ದರೆ ನನ್ನ ಜೊತೆ ಒಂದೇ ಮೇಜಿನಲ್ಲಿ ಕೂರ್ತಿದ್ರಾ? ಮಗಳಿಗೆ ಹೇಳಬೇಡ."

"ಹೇಳಲ್ಲ," ಎಂದೆ.

ಯಾಯಾ ಪಾತ್ರೆಯ ಮುಚ್ಚಳ ತೆಗೆದು, ಬ್ರೆಡ್ ತುಂಡು ಅದ್ದಿ ಬಾಯಿಗಿಟ್ಟುಕೊಂಡರು. "ಉಪ್ಪು ಕಡಿಮೆ. ಎಣ್ಣೆಗೆ ಜಿಪುಣತನ ಮಾಡಿದೀಯ," ಎಂದರು. ಆಮೇಲೆ ನಾವಿಬ್ಬರೂ ಒಂದೇ ಪಾತ್ರೆಯಲ್ಲಿ ಅದ್ದಿಕೊಂಡು ತಿಂದೆವು. ಮುಂದೆ ಒಂದೂವರೆ ವರ್ಷ ಅವರು ನಮ್ಮ ಮನೆಯ ಅಡುಗೆಮನೆಯಲ್ಲಿ ಗ್ಲವ್ಸ್ ಇಲ್ಲದೆ ಓಡಾಡಿದರು. ಒಲೆಯಿಂದ ಇಳಿಸುವ ಕೆಲಸ ಮಾತ್ರ ನನ್ನದು.

ತೊಂಬತ್ತೇಳರ ಕೊನೆಯಲ್ಲಿ ಕಣ್ಣು ಮಂಜಾಗಿ, ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದ ಮಗಳ ಮನೆಗೆ ಹೋದರು. ಮರುವರ್ಷ ಅಕ್ಟೋಬರಿನಲ್ಲಿ ಮಗಳ ಫೋನ್ ಬಂತು: ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲ.

ನಾವು ಮೂವರೂ ಐದು ಗಂಟೆ ಡ್ರೈವ್ ಮಾಡಿ ಹೋದೆವು. ಮಣ್ಣಾದ ಮೇಲೆ ಮನೆಯಲ್ಲಿ ಊಟ. ಬಂದವರ ಗದ್ದಲದಿಂದ ನನ್ನನ್ನು ಬಿಡಿಸಿ ಮಗಳು ಹಿಂದಿನ ಮರದ ಜಗಲಿಗೆ, ಡೆಕ್ಕಿಗೆ, ಕರೆದೊಯ್ದಳು. ನನ್ನ ವಯಸ್ಸಿನವಳೇ.

"ಅಮ್ಮನ ಕೈಗೆ ಏನಾಗಿತ್ತು ಅಂತ ನಿಮಗೆ ಗೊತ್ತಿತ್ತಾ?"

ಕೊಟ್ಟ ಮಾತು ನೆನಪಾಯಿತು. "ಯುದ್ಧದಲ್ಲಿ ಬೆಂಕಿ…" ಎಂದು ತೊದಲಿದೆ.

ಅವಳು ತಲೆಯಾಡಿಸಿದಳು. "ನನಗೆ ಹದಿನೆಂಟನೇ ವಯಸ್ಸಿಂದ ಗೊತ್ತು. ಅಪ್ಪ ಹೇಳಿದ. ಅಪ್ಪನಿಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಅವಳಿದ್ದ ದ್ವೀಪಕ್ಕೆ ಬ್ರೆಡ್ ಒಯ್ಯುವ ದೋಣಿಯಲ್ಲಿ ಕೆಲಸ ಮಾಡಿದ್ದನಂತೆ. ಅವಳನ್ನು ಅಲ್ಲೇ ದೂರದಿಂದ ನೋಡಿದ್ದ. ಆಮೇಲೆ ಅಥೆನ್ಸಿನಲ್ಲಿ ಕಂಡಾಗ ಗುರುತು ಹಿಡಿದ. ಅವಳಿಗೆ ಅವನ ಗುರುತು ಸಿಗಲಿಲ್ಲ."

ಅವಳು ಡೆಕ್ಕಿನ ಬಾಗಿಲು ಎಳೆದು ಮುಂದುವರಿಸಿದಳು.

"ಅವಳು ಬೆಂಕಿ ಅಂದಳು, ಅವನು ಹೂಂ ಅಂದ. ಗೊತ್ತು ಅಂತ ಹೇಳಿದರೆ ನಾಚಿಕೆಯಿಂದ ಬಿಟ್ಟು ಹೋದಾಳು ಅಂತ ಅವನಿಗೆ ಹೆದರಿಕೆ. ನೀನೂ ಹೇಳಬೇಡ ಅಂದಿದ್ದ. ನಾನೂ ಹೇಳಲಿಲ್ಲ."

ಅಂದರೆ ಮೂವತ್ತು ಚಿಲ್ಲರೆ ವರ್ಷ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ, ಗೊತ್ತಿದ್ದವರ ನಡುವೆ ಕೂತು ಆಕೆ ಕೈ ಮುಚ್ಚಿಕೊಂಡೇ ಉಂಡರು. ನಾನು ಡೆಕ್ಕಿನ ಕಟಕಟೆ ಹಿಡಿದು ನಿಂತೆ. ಕೂಗಬೇಕೆನಿಸಿತು. ಯಾರ ಮೇಲೆ ಕೂಗುವುದು?

"ಇಲ್ಲಿಗೆ ಬಂದ ಮೇಲೆ ಒಂದು ದಿನ ಅಮ್ಮ ಹೇಳಿದಳು, ಪಕ್ಕದ ಮನೆಯ ಇಂಡಿಯನ್ ಹುಡುಗಿಗೆ ನನ್ನ ವಿಷಯ ಎಲ್ಲ ಗೊತ್ತು, ಆದರೂ ಅವಳು ನನ್ನ ಪಾತ್ರೆಯಲ್ಲೇ ಉಂಡಳು ಅಂತ. ಏನು ವಿಷಯ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ." ಅವಳು ನನ್ನ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. "ಗೊತ್ತಿರೋವ್ರ ಜೊತೆ ಅಂತ ತಿಳಿದು ಅವಳು ಊಟ ಮಾಡಿದ್ದು ನಿಮ್ಮ ಜೊತೆ ಮಾತ್ರ. ನಾನು ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ?"

ಎರಡು ಚೀಲದಲ್ಲಿ ಕಟ್ಟಿ ಎಸೆದ ಬಟ್ಟಲು, ಹನ್ನೊಂದು ವಾರ ಎಳೆದಿದ್ದ ಪರದೆ, ಮೆಟ್ಟಿಲ ಮೇಲಿಟ್ಟ ಚೀಲ, ಎಲ್ಲವೂ ಗಂಟಲ ತನಕ ಬಂದವು. ಯಾಯಾ ಅವನ್ನು ಮಗಳಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅವಳು ಅಳುತ್ತಿದ್ದಳು, ನಾನು ಕೈ ಬಿಡಿಸಿಕೊಳ್ಳದೆ ಸುಮ್ಮನೆ ನಿಂತಿದ್ದೆ.